ನೀರಿನಲ್ಲೇ ಲೈಪೇಸ್‌ನಿಂದ ಎಸ್ಟರ್: ಆ್ಯಸಿಡ್ ವ್ಯಾಲ್ಯೂ ಇಳಿದಿದೆ, ಆದರೂ ಅನುಮಾನ

ತುಮಕೂರು_ಬಯೋಟೆಕ್:
ಎಂ.ಎಸ್ಸಿ. ಪ್ರಾಜೆಕ್ಟಿಗೆ ಈಥೈಲ್ ಓಲಿಯೇಟ್ (ಕೊಬ್ಬಿನಾಮ್ಲ, ಆಲ್ಕೊಹಾಲ್ ಕೂಡಿ ಆಗುವ ಎಸ್ಟರ್) ಮಾಡಬೇಕು. ಓಲಿಯಿಕ್ ಆ್ಯಸಿಡ್, ಎಥೆನಾಲ್, ಕ್ಯಾಂಡಿಡಾ ರುಗೋಸಾ ಯೀಸ್ಟಿನ ಲೈಪೇಸ್ (ಕೊಬ್ಬಿನ ಮೇಲೆ ಕೆಲಸ ಮಾಡುವ ಕಿಣ್ವ) ಪುಡಿ, ಪಿಎಚ್ 8ರ ಫಾಸ್ಫೇಟ್ ಬಫರ್. ಎಣ್ಣೆ ಬೆರೆಯಲಿ ಅಂತ ಚೂರು ಟ್ವೀನ್ 80. ರಾತ್ರಿಯಿಡೀ 37 ಡಿಗ್ರಿಯಲ್ಲಿ ಶೇಕರ್. ಬೆಳಿಗ್ಗೆ ಹೆಕ್ಸೇನ್‌ಗೆ ಎಳೆದು ಆ ಪದರವನ್ನಷ್ಟೇ ಟೈಟ್ರೇಟ್ ಮಾಡಿದರೆ ಆ್ಯಸಿಡ್ ವ್ಯಾಲ್ಯೂ (ಉಳಿದ ಆಮ್ಲದ ಅಳತೆ) ಇಳಿದಿದೆ. ಆಮ್ಲ ಎಸ್ಟರ್ ಆಯ್ತು ಅಂತ ಖುಷಿಪಡೋಣ ಅಂದರೆ, ಹೋಲಿಕೆಗೆ ಇಟ್ಟ ಕುದಿಸಿದ (ಸತ್ತ) ಕಿಣ್ವದ ಫ್ಲಾಸ್ಕಿನಲ್ಲೂ ಇಳಿದಿದೆ! "ನೀರಿದ್ದರೆ ಲೈಪೇಸ್ ಎಸ್ಟರ್ ಒಡೆಯುತ್ತೆ, ಕಟ್ಟಲ್ಲ" ಅಂತಾರೆ ಗೈಡ್ ಮೇಡಂ. ಹೌದಾ?

ಸೋಪ್‌ಕಡಾಯಿ:
ನೋಡಮ್ಮ, ಸಾಬೂನು ಕಾರ್ಖಾನೆಯ ಲ್ಯಾಬಿನಲ್ಲೇ ಕೂದಲು ಬೆಳ್ಳಗಾದವನು ನಾನು. ನಿನ್ನ ಫ್ಲಾಸ್ಕಿನಲ್ಲಿ ಆಗಿರೋದು ಸಾಬೂನು. ಪಿಎಚ್ 8ರಲ್ಲಿ ಕೊಬ್ಬಿನಾಮ್ಲ ಒಂದಿಷ್ಟು ಸೋಡಿಯಂ ಓಲಿಯೇಟ್ ಆಗಿ ನೀರಲ್ಲೇ ಉಳೀತು, ಹೆಕ್ಸೇನ್‌ಗೆ ಬರಲಿಲ್ಲ. ಅದಕ್ಕೆ ಕಿಣ್ವ ಸತ್ತರೂ ಬದುಕಿದ್ದರೂ ಒಂದೇ. ಎಳೆಯುವ ಮುಂಚೆ ಹೈಡ್ರೋಕ್ಲೋರಿಕ್ ಆ್ಯಸಿಡ್ ಹಾಕಿ ಪಿಎಚ್ 2–3ಕ್ಕೆ ಇಳಿಸು, ಕಳೆದ ಆಮ್ಲವೆಲ್ಲ ವಾಪಸ್ ಬರುತ್ತೆ.

ಮೇಡಂ ಹೇಳಿದ್ದು ಅರ್ಧ ನಿಜ. ಲೀಟರ್ ನೀರಿನಲ್ಲಿ 55.5 ಮೋಲ್ ನೀರೇ ಇರುವಾಗ ಸಮತೋಲ ಒಡೆಯುವ ಕಡೆಗೇ ವಾಲಬೇಕು. ಆದರೆ ಓಲಿಯಿಕ್ ಆ್ಯಸಿಡ್ ನೀರಲ್ಲಿ ಕರಗಲ್ವಲ್ಲ! ಹನಿಹನಿಯಾಗಿ ಬೇರೆ ನಿಲ್ಲುತ್ತೆ. ಲೈಪೇಸ್ ಕೆಲಸ ಮಾಡೋದು ಆ ಹನಿಯ ಮೈಮೇಲೆ. ಎಣ್ಣೆಯ ಮೈ ಸಿಕ್ಕಾಗಲೇ ರುಗೋಸಾ ಲೈಪೇಸಿನ ಕೆಲಸದ ಜಾಗದ ಮೇಲಿನ ಮುಚ್ಚಳ ತೆರೆಯೋದು. ಹುಟ್ಟಿದ ಎಸ್ಟರ್ ಹನಿಯೊಳಗೆ ಸೇರಿಕೊಳ್ಳುತ್ತೆ, ಅಲ್ಲಿ ನೀರು ತೀರಾ ಕಮ್ಮಿ. ಕೊಡದ ತುಂಬ ನೀರಿದ್ದರೂ ಲೆಕ್ಕಕ್ಕೆ ಬರೋದು ಹನಿಯೊಳಗಿನದು.

ನಿನ್ನ ತೊಂದರೆ ಎಥೆನಾಲ್. ಅದು ನೀರಿಗೆ ಓಡಿಹೋಗುತ್ತೆ. ಓಲಿಯಿಲ್ ಆಲ್ಕೊಹಾಲ್ ಹಾಕಿ ನೋಡು, ಅದೂ ಎಣ್ಣೆಯಲ್ಲೇ ಇರುತ್ತೆ. ಸಿಗೋದು ಓಲಿಯಿಲ್ ಓಲಿಯೇಟ್, ಜೊಜೊಬಾ ಎಣ್ಣೆ ಜಾತಿಯ ಮೇಣದ ಎಸ್ಟರ್. ಪಿಎಚ್ 5.5–6 ಇರಲಿ, ಆಗ ಸಾಬೂನು ಕಮ್ಮಿ.

ಕಿಣ್ವಪ್ರಿಯ:
ಟ್ವೀನ್ 80 ಕೂಡ ತೆಗೆಯಿರಿ. ಅದೇ ಓಲಿಯಿಕ್ ಆ್ಯಸಿಡ್ಡಿನ ಎಸ್ಟರ್. ಲೈಪೇಸ್ ಅದನ್ನು ಒಡೆದರೆ ಟೈಟ್ರೇಷನ್ ಮತ್ತೆ ದಾರಿ ತಪ್ಪುತ್ತೆ. ಎಥೆನಾಲೇ ಬೇಕೆಂದರೆ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್‌ನ ಲೈಪೇಸ್ ಇದೆ. ಸುತ್ತ ನೀರಿದ್ದರೂ ಅದು ಕೊಬ್ಬಿನಾಮ್ಲದ ತುಣುಕನ್ನು ನೀರಿಗಿಂತ ಆಲ್ಕೊಹಾಲಿಗೆ ಕೊಡೋದೇ ಹೆಚ್ಚು. ಆದರೆ ಎಣ್ಣೆಯಿಂದಲೋ ಇನ್ನೊಂದು ಎಸ್ಟರಿನಿಂದಲೋ ಶುರು ಮಾಡಿ.

ತುಮಕೂರು_ಬಯೋಟೆಕ್:
ಆ ಕಿಣ್ವ ನಮಗೆಲ್ಲಿ ಸಿಗಬೇಕು ಸರ್! ಓಲಿಯಿಲ್ ಆಲ್ಕೊಹಾಲ್ ಸ್ಟೋರಿನಲ್ಲಿದೆ. ಎಸ್ಟರ್ ಬಂದಿದೆ ಅಂತ ತೋರಿಸೋದು ಹೇಗೆ? ಜಿಸಿ (ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರ) ನಮ್ಮಲ್ಲಿಲ್ಲ.

ಸೋಪ್‌ಕಡಾಯಿ:
ಟಿಎಲ್‌ಸಿ ಸಾಕು, ಅಂದರೆ ತೆಳು ಪದರದ ಪ್ಲೇಟಿನ ಮೇಲೆ ದ್ರಾವಕ ಹತ್ತಿಸಿ ಬೇರ್ಪಡಿಸೋದು. ಹೆಕ್ಸೇನ್, ಡೈಈಥೈಲ್ ಈಥರ್, ಅಸಿಟಿಕ್ ಆ್ಯಸಿಡ್ 80:20:1, ಅಯೋಡಿನ್ ಹೊಗೆ. ಮೇಣದ ಎಸ್ಟರ್ ಮೇಲುಗಡೆ ಓಡುತ್ತೆ, ಆಮ್ಲ, ಆಲ್ಕೊಹಾಲ್ ಎರಡೂ ಕೆಳಗೇ ಉಳಿಯುತ್ತವೆ. ಕುದಿಸಿದ ಕಿಣ್ವದ ಫ್ಲಾಸ್ಕಿನದ್ದೂ ಅದೇ ಪ್ಲೇಟಿನ ಮೇಲಿರಲಿ. ಇನ್ನೊಂದು, ಎಮಲ್ಷನ್‌ನಿಂದ ಪಿಪೆಟ್‌ನಲ್ಲಿ ಸ್ಯಾಂಪಲ್ ತೆಗೀಬೇಡ, ಒಂದು ಸಲ ಎಣ್ಣೆ ಬಂದರೆ ಇನ್ನೊಂದು ಸಲ ಬರೀ ನೀರು ಬರುತ್ತೆ. ಪ್ರತಿ ಗಂಟೆಗೊಂದು ಸಣ್ಣ ಫ್ಲಾಸ್ಕ್ ಇಟ್ಟು, ಪೂರ್ತಿ ಅದನ್ನೇ ಎಳಿ.