ಹಟ್ಟಿಯ ತಗಡು, ಮಗುವಿನ ಮಾತ್ರೆ: ಸತುವಿನ ಬಗ್ಗೆ ಬಲ್ಲವರು ತಿಳಿಸಿ

ಕುಂಬಳೆ ಸಮೀಪದಿಂದ, ಕೇಳಿದವರು:
ನಮ್ಮ ಮನೆಯಿಂದ ಕಡಲು ದೂರವಿಲ್ಲ, ಹಿತ್ತಿಲಿಗೆ ತಾಗಿಯೇ ಅಡಿಕೆ ತೋಟ. ದನದ ಹಟ್ಟಿಗೆ ಹೊದಿಸಿದ ಜಿಂಕ್ ಶೀಟಿನಲ್ಲಿ, ಅಂದರೆ ಸತು ಲೇಪದ ಕಬ್ಬಿಣದ ತಗಡಿನಲ್ಲಿ, ಇಷ್ಟು ಬೇಗ ಕೆಂಪು ತುಕ್ಕು ಕಂಡಿದೆ, ಹೆಚ್ಚಾಗಿ ತೋಟದ ಕಡೆಯ ಇಳಿಜಾರಿನಲ್ಲಿ. ಮತ್ತೆ ಹೊದಿಸುವ ಮೊದಲು ಏನು ನೋಡಬೇಕು? ಇನ್ನೊಂದು ವಿಷಯ: ಒಂದೂವರೆ ವರ್ಷದ ಮಗಳ ಭೇದಿಗೆ ವೈದ್ಯರು ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ ಬರೆದಿದ್ದಾರೆ. ಈಗ ಭೇದಿ ನಿಂತಿದೆ. ಮಾತ್ರೆ ನಿಲ್ಲಿಸಬಹುದೇ? ತಗಡಿನ ಲೋಹವನ್ನು ಮಗುವಿಗೆ ಕೊಡುವುದೇ ಎಂದು ಅತ್ತೆಗೆ ಅಳುಕು.

ಪೆರ್ಲದ ಅಡಿಕೆ ಕೃಷಿಕ:
ಅಕ್ಕ, ತೋಟದ ಕಡೆ ಎಂದಿರಲ್ಲ, ನನ್ನ ಅನುಮಾನ ಬೋರ್ಡೋ ದ್ರಾವಣದ ಮೇಲೆ, ಅದೇ ಮೈಲುತುತ್ತು, ಸುಣ್ಣ ನೀರಿಗೆ ಕಲಸಿದ ಮದ್ದು. ಕೊಳೆರೋಗಕ್ಕೆ ಸಿಂಪಡಿಸುವಾಗ ತಗಡಿನ ಮೇಲೂ ಹನಿ ಬೀಳುತ್ತದೆ, ಮಳೆಗೆ ಸೋಗೆಯಿಂದಲೂ ತೊಟ್ಟಿಕ್ಕುತ್ತದೆ. ಮೈಲುತುತ್ತಿನ ತಾಮ್ರ ಸತುವಿನ ಮೇಲೆ ಕೂತರೆ ಸತು ಕರಗಿಹೋಗುತ್ತದೆ. ಆಮೇಲೆ ಕಬ್ಬಿಣ ಬಯಲಾಗಿ ತುಕ್ಕು ಹಿಡಿಯುತ್ತದೆ. ಸುಣ್ಣ ಕಡಿಮೆಯಾದ ದ್ರಾವಣವಾದರೆ ಹಾನಿ ಇನ್ನೂ ಹೆಚ್ಚು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಗೊತ್ತು, ಆದರೆ ಹಳೆಯ ಸುಣ್ಣಕ್ಕೆ ಆ ಲೆಕ್ಕ ಸಾಲುವುದಿಲ್ಲ. ಹೊಳೆಯುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿಗೆ ಕೆಂಪು ಲೇಪ ಹತ್ತಿದರೆ ಸುಣ್ಣ ಇನ್ನೂ ಬೇಕು. ಕಲಸುವುದು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಇರಲಿ. ಮದ್ದು ಬಿಡುವ ದಿನ ಹಟ್ಟಿಗೆ ಟಾರ್ಪಾಲು ಹೊದಿಸಿ. ತಗಡಿಗೆ ತಾಗಿದರೆ ಒಣಗುವ ಮೊದಲೇ ನೀರು ಹಾಯಿಸಿ ತೊಳೆಯಿರಿ.

ಉಪ್ಪಳದಲ್ಲಿ ಚಾವಣಿ ಕೆಲಸ ಮಾಡುವವ:
ಅಣ್ಣ ಹೇಳಿದ್ದು ಸರಿ. ಆದರೆ ಕಡಲಿನ ಉಪ್ಪುಗಾಳಿಯನ್ನೂ ಮರೆಯಬಾರದು. ಗಿರಾಕಿಗಳು ತಗಡು ಎಷ್ಟು ದಪ್ಪ ಎಂದು ಕೇಳುತ್ತಾರೆ, ಸತುವಿನ ಲೇಪ ಎಷ್ಟು ಎಂದು ಯಾರೂ ಕೇಳುವುದಿಲ್ಲ. ನನಗೆ ಬೇಸರವಾಗುವುದು ಇಲ್ಲಿಯೇ, ಏಕೆಂದರೆ ಕಬ್ಬಿಣವನ್ನು ಕಾಯುವುದು ಆ ಲೇಪ. ಸಣ್ಣ ಗೀರು ಬಿದ್ದರೂ ಸುತ್ತಲಿನ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಲೇಪವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು, ಎರಡೂ ಮುಖ ಸೇರಿಸಿ ಅಳೆಯುತ್ತಾರೆ. 120 ಗ್ರಾಂ ಎಂದರೆ ಒಂದು ಮುಖಕ್ಕೆ ಸುಮಾರು 8 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ದಪ್ಪ, 275 ಎಂದರೆ ಸುಮಾರು 19. ಕಡಲ ಬದಿಗೆ 275ಕ್ಕಿಂತ ಕಡಿಮೆ ಒಪ್ಪಬೇಡಿ. ಇಲ್ಲವಾದರೆ 55 ಶೇಕಡಾ ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತು ಇರುವ ಲೇಪದ ಶೀಟುಗಳಿವೆ. ಉಪ್ಪುಗಾಳಿಗೆ ಅವು ಹೆಚ್ಚು ತಾಳುತ್ತವೆ. ಆದರೆ ಹಟ್ಟಿಯ ಒಳಗಿನ ಗಂಜಳದ ಘಾಟಿನಲ್ಲಿ ಅವೂ ಹಾಳಾಗುತ್ತವೆ, ಆದ್ದರಿಂದ ಮಾಡಿನ ನೆತ್ತಿಯಲ್ಲಿ ಗಾಳಿ ಹೋಗಲು ಜಾಗ ಬಿಡಿಸಿ. ಹೊಸ ಶೀಟುಗಳನ್ನು ಮಳೆಯಲ್ಲಿ ಒಂದರ ಮೇಲೊಂದು ಪೇರಿಸಿಡಬೇಡಿ, ನಡುವೆ ನೀರು ನಿಂತು ಬಿಳಿ ತುಕ್ಕು ಏಳುತ್ತದೆ.

ಬದಿಯಡ್ಕದ ಕಡೆಯ ನರ್ಸ್:
ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಭೇದಿ ನಿಂತ ಮೇಲೂ ವೈದ್ಯರು ಹೇಳಿದಷ್ಟು ದಿನ ಮುಗಿಸಬೇಕು, ಸಾಮಾನ್ಯವಾಗಿ 14 ದಿನ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ಭೇದಿಯಲ್ಲಿ ಮೈಯೊಳಗಿನ ಸತು ಹೊರಟುಹೋಗುತ್ತದೆ. ಕರುಳಿನ ಒಳಪದರ ಮತ್ತೆ ಬೆಳೆಯಲು, ರೋಗ ಎದುರಿಸಲು ಅದೇ ಬೇಕು. ಪೂರ್ತಿ ಕೋರ್ಸ್ ಪಡೆದ ಮಕ್ಕಳಿಗೆ ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸುವುದೂ ಕಡಿಮೆ. ಒಂದು ಚಮಚ ಕಾಯಿಸಿ ಆರಿಸಿದ ನೀರಿನಲ್ಲಿ ಮಾತ್ರೆ ಕರಗಿಸಿ ಕುಡಿಸಿ. ಅತ್ತೆಯವರಿಗೆ ಹೇಳಿ: ಮಾತ್ರೆಯಲ್ಲಿರುವುದು ಅಳತೆ ಮಾಡಿದ ಸತುವಿನ ಲವಣ, ನಾವು ತಿನ್ನುವ ಕಡಲೆ, ಮೀನು, ಮೊಟ್ಟೆಯಲ್ಲೂ ಸತು ಇದೆ. ಹಾಗೆಂದು ದೊಡ್ಡವರು ಶಕ್ತಿ ಬರಲೆಂದು ತಿಂಗಳುಗಟ್ಟಲೆ ಜಿಂಕ್ ಮಾತ್ರೆ ನುಂಗುವುದು ಒಳ್ಳೆಯದಲ್ಲ. ಚಾವಣಿಯಲ್ಲಿ ತಾಮ್ರ ಸತುವನ್ನು ಓಡಿಸಿದರೆ, ದೇಹದಲ್ಲಿ ಅತಿಯಾದ ಸತು ತಾಮ್ರ ಸೇರದಂತೆ ತಡೆದು ರಕ್ತಹೀನತೆ ತರುತ್ತದೆ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮಗು ಕುಡಿಯಲಾರದಂತಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಳ್ಳೇರಿಯದಿಂದ, ಅಡುಗೆ ಕೆಲಸದವರು:
ಅತ್ತೆಯವರ ಅಳುಕು ಒಂದು ಕಡೆ ನ್ಯಾಯವೇ. ಸತು ಲೇಪದ ಬಕೆಟಿನಲ್ಲಿ ಮಜ್ಜಿಗೆ, ಹುಣಸೆ ರಸ, ಪುನರ್ಪುಳಿ ನೀರು ಇಡಬೇಡಿ. ಹುಳಿಗೆ ಸತು ಕರಗುತ್ತದೆ, ಕುಡಿದವರಿಗೆ ವಾಂತಿಯಾಗುತ್ತದೆ. ಸಮಾರಂಭಗಳಲ್ಲಿ ಪಾತ್ರೆ ಸಾಲದೆ ಹೀಗೆ ಮಾಡುವುದುಂಟು. ಸ್ಟೀಲಿನದ್ದನ್ನೇ ಬಾಡಿಗೆಗೆ ತನ್ನಿ.