ಪಕ್ಕದವರ ಟ್ಯೂನ್ ಕಿವಿಗೆ ಬಿದ್ದ ಕೂಡಲೇ ನನ್ನ ಆಲ್ಟೊ ಸಾಲು ತಪ್ಪಿಹೋಗುತ್ತದೆ, ಏನು ಮಾಡಲಿ?

ಗುರುವಾರದ ಆಲ್ಟೊ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾವು ಆಫೀಸಿನ ಏಳು ಜನ ಸೇರಿ ಒಂದು ಅ ಕ್ಯಾಪೆಲ್ಲಾ ಗುಂಪು ಮಾಡಿಕೊಂಡಿದ್ದೇವೆ. ವಾದ್ಯ ಇಲ್ಲ, ಬರೀ ದನಿ. ಪ್ರತಿ ಗುರುವಾರ ಸಂಜೆ ಆರೂವರೆಗೆ ಮೂರನೇ ಮಹಡಿಯ ಮೀಟಿಂಗ್ ರೂಮಿನಲ್ಲಿ ಅಭ್ಯಾಸ. ಟ್ಯೂನ್ ಹಾಡುವ ಮೇಲಿನ ದನಿ ಸೊಪ್ರಾನೊ, ಗಂಡಸರ ಮೇಲಿನ ದನಿ ಟೆನರ್, ಎಲ್ಲಕ್ಕಿಂತ ಕೆಳಗಿನ ದನಿ ಬೇಸ್, ತಲಾ ಇಬ್ಬರು. ಸೊಪ್ರಾನೊಗಿಂತ ಕೆಳಗಿನ ಹೆಂಗಸರ ದನಿ ಆಲ್ಟೊ, ಅದಕ್ಕೆ ನಾನೊಬ್ಬಳೇ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹಾಡಬೇಕು, ಇನ್ನು ಐದು ವಾರ ಇದೆ.

ನಾನು ಹನ್ನೊಂದು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೇನೆ. ಜೂನಿಯರ್, ಸೀನಿಯರ್ ಎರಡೂ ಪರೀಕ್ಷೆ ಆಗಿದೆ. ಸ್ವರಜ್ಞಾನ ಇದೆ. ಆದರೂ ಒಂದೇ ಜಾಗದಲ್ಲಿ ಪ್ರತಿ ವಾರ ತಪ್ಪುತ್ತಿದ್ದೇನೆ.

ಹಾಡು ಎಲ್ಲರಿಗೂ ಗೊತ್ತಿರುವ ಒಂದು ಭಾವಗೀತೆ. ಅಮ್ಮ ಅಕ್ಕಿ ಆರಿಸುವಾಗ ಹಾಡಿಕೊಳ್ಳುತ್ತಿದ್ದದ್ದು. ಅದು ಎಷ್ಟು ಚಿಕ್ಕಂದಿನಿಂದ ನನ್ನೊಳಗೆ ಕೂತಿದೆ ಅಂದರೆ, ಬೇರೆ ಸ್ವರ ಹಾಡಲು ಬಾಯಿ ಒಪ್ಪುವುದೇ ಇಲ್ಲ. ಪಲ್ಲವಿಯ ಕೊನೆಯಲ್ಲಿ ಟ್ಯೂನ್ ‘ಪ ದ ಪ ಮ ಗ’ ಅಂತ ಇಳಿಯುತ್ತದೆ. ನನ್ನ ಸಾಲು ‘ಗ ಮ ಗ ರಿ ಸ’. ಶಂಕರಾಭರಣದ ಸ್ವರಗಳೇ, ಕಷ್ಟದ್ದೇನೂ ಇಲ್ಲ. ಮನೆಯಲ್ಲಿ ಶ್ರುತಿಪೆಟ್ಟಿಗೆ ಹಾಕಿಕೊಂಡು ಇಪ್ಪತ್ತು ಸಲ ಹಾಡಿದರೂ ಸರಿಯಾಗಿ ಬರುತ್ತದೆ. ಅಲ್ಲಿ ಹೋದರೆ ಮೊದಲ ಎರಡು ಸ್ವರ ಸರಿ, ಮೂರನೆಯದಕ್ಕೆ ಸೊಪ್ರಾನೊ ಜೊತೆ ಸೇರಿಬಿಟ್ಟಿರುತ್ತೇನೆ. ಯಾವಾಗ ದಾಟಿದೆ ಅಂತ ನನಗೇ ಗೊತ್ತಾಗುವುದಿಲ್ಲ. ಕಿವಿಗೆ ಬೆರಳಿಟ್ಟುಕೊಂಡು ಹಾಡಿಯೂ ನೋಡಿದೆ.

ಇನ್ನೊಂದು, ಗಮಕ, ಅಂದರೆ ಸ್ವರವನ್ನು ತೂಗಿಸಿ ಹಾಡುವುದು. ನನ್ನ ಗ, ಮ ತಾವಾಗಿಯೇ ತೂಗುತ್ತವೆ. ಬೇಸ್ ಹಾಡುವವರು ಮೆತ್ತಗೆ ಹೇಳಿದರು, ‘ಮೇಡಂ, ನೀವು ನಿಂತರೆ ನಾವು ನಿಮ್ಮ ಮೇಲೆ ಕೂರಬಹುದು’ ಅಂತ. ಅವರು ಹೇಳಿದ್ದು ಸರಿ.

ಚರಣದಲ್ಲಿ ನನಗಿರುವುದು ಮಂದ್ರ ಪಂಚಮ (ಕೆಳಗಿನ ಪ) ಮಾತ್ರ, ನಾಲ್ಕು ಆವರ್ತ (ತಾಳದ ಸುತ್ತು) ಪೂರ್ತಿ. ಅಲ್ಲಿ ಮನಸ್ಸು ಎಲ್ಲೋ ಹೋಗಿ ಶ್ರುತಿ ಇಳಿಯುತ್ತದೆ.

ಹೋದ ವಾರ ಒಂದೇ ಒಂದು ಸಲ, ಆ ಪಲ್ಲವಿಯ ಗ ಹಿಡಿದು ನಿಂತೆ. ಏಳೂ ದನಿ ಕೂಡಿಕೊಂಡವು. ಮೇಜಿನ ಮೇಲಿದ್ದ ಖಾಲಿ ಸ್ಟೀಲ್ ಬಾಟಲಿ ಸಣ್ಣಗೆ ಗುಂಯ್ ಅಂದಿತು. ಎಲ್ಲರೂ ಹಾಡು ನಿಲ್ಲಿಸಿ ಅದನ್ನೇ ನೋಡಿದೆವು. ನನಗೆ ಅದು ಮತ್ತೆ ಬೇಕು.

ಕಡಲತಡಿಯ ಬೇಸ್ ಉತ್ತರ:

ತಂಗೀ, ಕಿವಿ ಮುಚ್ಚುವುದನ್ನು ಮೊದಲು ಬಿಡಿ. ಕಿವಿ ಮುಚ್ಚಿ ಕಲಿತ ಸಾಲು ಕಿವಿ ತೆರೆದ ಕೂಡಲೇ ಹೋಗುತ್ತದೆ.

ನಾನು ಮಂಗಳೂರಿನವ. ಬಾಸೆಲ್ ಮಿಷನ್‌ನವರು 1834ರಲ್ಲಿ ಇಲ್ಲಿಗೆ ಬಂದರು. ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂರಿಸಿ ಹಾಡುವ ರೂಢಿ ನಮ್ಮ ಚರ್ಚಿನ ಸಭೆಗಳಿಗೆ ಅಲ್ಲಿಂದ ಬಂದದ್ದು. ನಿಘಂಟಿನ ಕಿಟ್ಟೆಲ್ ಸಹ ಕನ್ನಡದಲ್ಲಿ ಕೀರ್ತನೆ ಬರೆದಿದ್ದಾರೆ. ಕನ್ನಡ ಪದಗಳನ್ನು ನಾಲ್ಕು ದನಿಯಲ್ಲಿ ಕೇಳುತ್ತಲೇ ಬೆಳೆದೆ. ನನಗೆ ಯಾರೂ ಪಾಠ ಮಾಡಲಿಲ್ಲ. ಅಪ್ಪ ಬೇಸ್, ಅವರ ಪಕ್ಕ ಕೂರಿಸಿದರು. ಅವರ ಎದೆಯ ಅದುರು ನನ್ನ ಭುಜಕ್ಕೆ ತಾಗುತ್ತಿತ್ತು. ಅದನ್ನೇ ಹಿಡಿದುಕೊಂಡು ಹಾಡಿದೆ.

ನಿಮಗೆ ಪಕ್ಕದಲ್ಲಿ ಇನ್ನೊಬ್ಬ ಆಲ್ಟೊ ಇಲ್ಲ, ಅದಕ್ಕೇ ಇಷ್ಟು ಕಷ್ಟ. ಹಾಗಾಗಿ ಬೇಸ್‌ನವರನ್ನು ಹಿಡಿದುಕೊಳ್ಳಿ. ಮುಂದಿನ ಗುರುವಾರ ಹತ್ತು ನಿಮಿಷ ಮೊದಲೇ ಹೋಗಿ, ನೀವು ಮತ್ತು ಬೇಸ್ ಇಬ್ಬರೇ ಆ ಸಾಲು ಹಾಡಿ. ಟ್ಯೂನ್ ಬೇಡ. ಐದಾರು ಸಲ ಆದ ಮೇಲೆ ಟೆನರ್ ಸೇರಲಿ. ಸೊಪ್ರಾನೊ ಕಡೆಗೆ, ಅದೂ ಬಾಯಿ ಮುಚ್ಚಿ ‘ಮ್’ ಅಂತ ಮೆಲ್ಲಗೆ. ಟ್ಯೂನನ್ನು ನಿಧಾನವಾಗಿ ಒಳಗೆ ಬಿಟ್ಟುಕೊಳ್ಳಬೇಕು. ನಿಮ್ಮ ಸಾಲಿಗೆ ಸ್ವರ ಬರೆದು ಜೇಬಲ್ಲಿಟ್ಟುಕೊಳ್ಳಿ. ಅದೂ ಒಂದು ಹಾಡೇ ಅಂತ ಬಾಯಿಗೆ ರೂಢಿಯಾಗಬೇಕು.

ತಂಬೂರಿಯ ಮಗ್ಗುಲಲ್ಲಿ ಉತ್ತರ:

ಮೇಲಿನ ಸರ್ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಾನೂ ಕರ್ನಾಟಕ ಸಂಗೀತದಿಂದ ಬಂದವಳು, ಆ ಕಡೆಯಿಂದ ಎರಡು ಮಾತು.

ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಒಂದು ಅಂತರ ಗಾಂಧಾರ, ಅಂದರೆ ನಿಮ್ಮ ಶಂಕರಾಭರಣದ ಗ, ಕೇಳಿಸುತ್ತದಲ್ವಾ? ಸ್ವಯಂಭೂ ಗಾಂಧಾರ. ಮಂದ್ರ ಷಡ್ಜದ ತಂತಿಯ ಐದನೇ ಅನುಸ್ವರ (ಮೂಲ ದನಿಯ ಜೊತೆ ತಾನಾಗಿ ಮೂಡುವ ಮೇಲಿನ ಸ್ವರ) ಅದು. ನಿಮ್ಮ ಪಲ್ಲವಿಯ ಆ ಜಾಗದಲ್ಲಿ ಬೇಸ್ ಸ, ಸೊಪ್ರಾನೊ ಪ ಇದ್ದರೆ, ನಡುವೆ ನೀವು ಹಾಡುವುದು ಅದೇ ಗ. ಕೀಬೋರ್ಡ್ ನೋಡಿಕೊಂಡು ಕಲಿಯಬೇಡಿ. ಕೀಬೋರ್ಡಿನ ಗ ಅದಕ್ಕಿಂತ ಸ್ವಲ್ಪ ಮೇಲಿರುತ್ತದೆ. ಪಕ್ಕಪಕ್ಕದ ಎರಡು ಮನೆಗಳ (ಕರಿಯ ಮನೆಯೂ ಸೇರಿ) ಅಂತರವನ್ನು 100 ಪಾಲು ಮಾಡಿದರೆ ಸುಮಾರು 14 ಪಾಲು ಜಾಸ್ತಿ. ಕೇಳಲು ಚಿಕ್ಕದು, ಆದರೆ ದನಿ ಕೂಡುವುದೂ ಕೂಡದಿರುವುದೂ ಅಲ್ಲೇ. ಹತ್ತು ನಿಮಿಷ ತಂಬೂರಿ ಮುಂದೆ ಸುಮ್ನೆ ಕೂತು, ಆ ಗ ಕೇಳಿಸಿದ ಮೇಲೆ ಅದರೊಳಗೆ ಹಾಡಿ. ಗಮಕ ತಾನಾಗಿ ನಿಲ್ಲುತ್ತದೆ, ತೂಗಿದರೆ ಅದು ಕರಗಿಹೋಗುತ್ತದಲ್ಲ.

ಮಂದ್ರ ಪಂಚಮದ ವಿಷಯ. ನೀವು ನಿಂತಲ್ಲೇ ಇದ್ದರೂ ಕೆಳಗೆ ನೆಲ ಬದಲಾಗುತ್ತಿದೆ. ಬೇಸ್ ಸ ಹಾಡಿದರೆ ನಿಮ್ಮದು ಪಂಚಮ. ಬೇಸ್ ಕೂಡ ಪ ಗೆ ಬಂದರೆ ನೀವೇ ಷಡ್ಜ. ಬೇಸ್ ಗ ಗೆ ಹೋದರೆ ಅದೇ ಸ್ವರ ಸಾಧಾರಣ ಗಾಂಧಾರದ (ಅಂತರ ಗಾಂಧಾರಕ್ಕಿಂತ ಒಂದು ಮನೆ ಕೆಳಗಿನ ಗ) ಹಾಗೆ ಕೇಳಿಸುತ್ತದೆ. ಗ್ರಹಭೇದ, ಅಂದರೆ ಷಡ್ಜದ ಜಾಗ ಬದಲಿಸಿ ಅವೇ ಸ್ವರಗಳನ್ನು ನೋಡುವುದು, ಗೊತ್ತಿರುತ್ತದೆ ನಿಮಗೆ. ಪ್ರತಿ ಆವರ್ತದಲ್ಲೂ ‘ಈಗ ನಾನು ಯಾವ ಸ್ವರ’ ಅಂತ ಕೇಳಿಕೊಳ್ಳಿ, ಮನಸ್ಸು ಆಚೆ ಹೋಗುವುದಿಲ್ಲ.

ರಾತ್ರಿ ಪಾಳಿ ಉತ್ತರ:

ನಾನು ಟೆನರ್. ಫೋನಿನಲ್ಲಿ ಟ್ಯೂನ್ ರೆಕಾರ್ಡ್ ಮಾಡಿ ಒಂದೇ ಕಿವಿಗೆ ಹಾಕಿಕೊಂಡು, ನಿಮ್ಮ ಸಾಲನ್ನು ಬಾಯಿಬಿಟ್ಟು ಹಾಡಿ. ದಿನಾ ಒಂದಿಷ್ಟು ವಾಲ್ಯೂಮ್ ಏರಿಸಿ. ನನಗೆ ಎಂಟು ದಿನ ಹಿಡಿಯಿತು.

ಗುರುವಾರದ ಆಲ್ಟೊ, ಮೂರು ವಾರದ ನಂತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣಾ, ನೀವು ಹೇಳಿದ ಹಾಗೆ ಬೇಸ್ ಇಬ್ಬರ ನಡುವೆ ನಿಲ್ಲುತ್ತಿದ್ದೇನೆ. ಮೊದಲ ವಾರ ಮೂರನೇ ಸ್ವರದಲ್ಲಿ ಮತ್ತೆ ಜಾರಿದೆ, ಆದರೆ ಈ ಸಲ ಜಾರಿದ್ದು ನನಗೆ ಗೊತ್ತಾಯಿತು. ಎರಡನೇ ವಾರ ಸೊಪ್ರಾನೊ ‘ಮ್’ ಅಂದಾಗಲೂ ನನ್ನ ಗ ನಿಂತಿತು. ನಿನ್ನೆ ಎಲ್ಲರೂ ಪದ ಸಮೇತ ಪೂರ್ತಿ ದನಿಯಲ್ಲಿ ಹಾಡಿದರು, ನಾಲ್ಕರಲ್ಲಿ ಮೂರು ಸಲ ಸರಿ ಬಂತು.

ಅಕ್ಕಾ, ತಂಬೂರಿ ಗಾಂಧಾರ ಐದನೇ ದಿನ ಬೆಳಗ್ಗೆ ಕೇಳಿಸಿತು, ನಲ್ಲಿ ನೀರು ಬರುವ ಮುಂಚೆ. ಅದು ಇಷ್ಟು ವರ್ಷ ಅಲ್ಲೇ ಇತ್ತು ಅಂತ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಚರಣದ ಮೂರನೇ ಆವರ್ತದಲ್ಲಿ ಮಾತ್ರ ಪಂಚಮ ಇನ್ನೂ ಚೂರು ಇಳಿಯುತ್ತಿದೆ, ಬೇಸ್ ಗ ಗೆ ಹೋಗುವ ಜಾಗದಲ್ಲೇ. ಆ ಜಾಗಕ್ಕೆ ಏನಾದರೂ ಉಪಾಯ ಇದ್ದರೆ ಹೇಳಿ, ಇನ್ನೆರಡು ಗುರುವಾರ ಇದೆ.