ದೊಡ್ಡವರ ಉಸಿರಾಟ ವೈಫಲ್ಯಕ್ಕೆ ಆಸಿಲೇಟರ್: ಕಲಬುರಗಿಯಿಂದ ಹೈದರಾಬಾದಿಗೆ ಒಯ್ಯಬೇಕೆ?

ಪ್ರಶ್ನೆ (ಕಲಬುರಗಿ):
ನಮ್ಮ ಕಾಕಾ ಅವರಿಗೆ 58 ವರ್ಷ. ನ್ಯುಮೋನಿಯಾ ಎರಡೂ ಶ್ವಾಸಕೋಶಗಳಿಗೆ ಹಬ್ಬಿ, ಇಲ್ಲಿಯ ಒಂದು ಆಸ್ಪತ್ರೆಯ ಐಸಿಯುದಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ವೈದ್ಯರು ಎಆರ್‌ಡಿಎಸ್, ಅಂದರೆ ಶ್ವಾಸಕೋಶಗಳು ಊದಿ ನೀರು ತುಂಬಿ ರಕ್ತಕ್ಕೆ ಆಮ್ಲಜನಕ ಸಾಲದಾಗುವ ತೀವ್ರ ಸ್ಥಿತಿ, ಎಂದಿದ್ದಾರೆ. ನಮ್ಮ ಬಂಧುಗಳ ಕೂಸೊಂದು ದಿನ ತುಂಬುವ ಮೊದಲೇ ಹುಟ್ಟಿ, ಹೈದರಾಬಾದಿನಲ್ಲಿ ಆಸಿಲೇಟರ್ ಎಂಬ ಯಂತ್ರದ ಮೇಲಿದ್ದು ಬದುಕಿತು. ಆದ್ದರಿಂದ ಕಾಕಾ ಅವರನ್ನೂ ಅಲ್ಲಿಗೇ ಒಯ್ಯಬೇಕೆಂದು ಮನೆಯ ಹಿರಿಯರು ಪಟ್ಟು ಹಿಡಿದಿದ್ದಾರೆ. ಈ ಯಂತ್ರ ಮಾಮೂಲಿ ವೆಂಟಿಲೇಟರಿಗಿಂತ ಮೇಲೆಂಬುದು ನಿಜವೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಅರಿವಳಿಕೆ ತಜ್ಞ, ಬೀದರ್):
ದೊಡ್ಡವರ ಮಟ್ಟಿಗೆ ನಿಜವಲ್ಲ. ಆಸಿಲೇಟರ್ ಶ್ವಾಸಕೋಶವನ್ನು ಒಂದೇ ಸಮನಾದ ಒತ್ತಡದಲ್ಲಿ ಅರಳಿಸಿಟ್ಟು, ಸೆಕೆಂಡಿಗೆ 3ರಿಂದ 15 ಸಲ ಬಹಳ ಕಡಿಮೆ ಗಾಳಿಯನ್ನು ಒಳಕ್ಕೂ ಹೊರಕ್ಕೂ ಅಲುಗಿಸುತ್ತದೆ. ಪ್ರತಿ ಉಸಿರಿಗೂ ಹಿಗ್ಗಿ ಕುಗ್ಗುವಾಗ ರೋಗಗ್ರಸ್ತ ಶ್ವಾಸಕೋಶಕ್ಕಾಗುವ ಗಾಯ ಇದರಿಂದ ತಪ್ಪೀತೆಂಬ ಭರವಸೆ ಬಹುಕಾಲ ಇತ್ತು. 2013ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು ಅದನ್ನು ಹುಸಿ ಮಾಡಿದವು. 548 ರೋಗಿಗಳ ‘ಆಸಿಲೇಟ್’ ಅಧ್ಯಯನದಲ್ಲಿ ಈ ಯಂತ್ರದ ಮೇಲಿದ್ದವರಲ್ಲಿ ಶೇ. 47, ಮಾಮೂಲಿ ವೆಂಟಿಲೇಟರ್ ಮೇಲಿದ್ದವರಲ್ಲಿ ಶೇ. 35 ಮಂದಿ ಆಸ್ಪತ್ರೆಯಲ್ಲಿಯೇ ತೀರಿಕೊಂಡದ್ದರಿಂದ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. 795 ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ನಡೆದ ‘ಆಸ್ಕರ್’ ಅಧ್ಯಯನದಲ್ಲಿ ಸಾವಿನ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಎದೆಯೊಳಗೆ ಸತತವಾಗಿ ನಿಲ್ಲುವ ಹೆಚ್ಚಿನ ಒತ್ತಡದಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಬಿಪಿ ಕುಸಿಯುತ್ತದೆ. ರೋಗಿಯನ್ನು ಗಾಢ ನಿದ್ರೆಯಲ್ಲಿಡುವ ಔಷಧಗಳೂ ಹೆಚ್ಚು ಬೇಕಾಗುತ್ತವೆ. 2017ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ವಯಸ್ಕರಲ್ಲಿ ಇದನ್ನು ವಾಡಿಕೆಯಾಗಿ ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದೆ.

ತಾವು ವೈದ್ಯರನ್ನು ಕೇಳಬೇಕಾದದ್ದು ಬೇರೆಯೇ ಇದೆ. ಪ್ರತಿ ಉಸಿರಿನ ಗಾಳಿಯನ್ನು ಕಾಕಾ ಅವರ ಎತ್ತರಕ್ಕೆ ತಕ್ಕಂತೆ ಲೆಕ್ಕ ಹಾಕಿದ್ದಾರೆಯೇ? 165 ಸೆಂ.ಮೀ. ಎತ್ತರದ ಗಂಡಸಿಗೆ ಎತ್ತರದಿಂದ ಲೆಕ್ಕ ಹಾಕಿದ ತೂಕ ಸುಮಾರು 61 ಕಿಲೋ. ಕಿಲೋಗೆ 6 ಮಿ.ಲೀ.ನಂತೆ ಸುಮಾರು 370 ಮಿ.ಲೀ. ಸಾಕು. ಅವರ ನಿಜವಾದ ತೂಕ 85 ಕಿಲೋ ಇದ್ದರೂ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಆದ್ದರಿಂದ ಮಲಗಿದಲ್ಲಿಯೇ ಟೇಪು ಹಿಡಿದು ಎತ್ತರ ಅಳೆಯುವುದು ನನ್ನ ದೃಷ್ಟಿಯಲ್ಲಿ ಎಷ್ಟೋ ದುಬಾರಿ ಉಪಕರಣಗಳಿಗಿಂತ ಮುಖ್ಯ. ರಕ್ತದಲ್ಲಿ ಆಮ್ಲಜನಕ ಆಗಲೂ ಏರದಿದ್ದರೆ ದಿನಕ್ಕೆ ಕನಿಷ್ಠ 16 ಗಂಟೆ ಬೋರಲಾಗಿ ಮಲಗಿಸಬೇಕು. 2013ರಲ್ಲಿಯೇ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ ತೀವ್ರ ಎಆರ್‌ಡಿಎಸ್ ಇದ್ದವರ 28 ದಿನಗಳೊಳಗಿನ ಸಾವು ಇದರಿಂದ ಶೇ. 32.8ರಿಂದ 16ಕ್ಕೆ ಇಳಿಯಿತು. ಇದಕ್ಕೆ ಹೊಸ ಯಂತ್ರ ಬೇಡ, ಪಳಗಿದ ನಾಲ್ಕೈದು ಜನ ಬೇಕು.

ಉತ್ತರ (ನವಜಾತ ಶಿಶು ವಿಭಾಗದ ಶುಶ್ರೂಷಕಿ, ಯಾದಗಿರಿ):
ಕೂಸಿನ ವಿಷಯವಾಗಿ ಮನೆಯವರು ಹೇಳುತ್ತಿರುವುದು ಸುಳ್ಳಲ್ಲ. ಮಾಮೂಲಿ ವೆಂಟಿಲೇಟರಿಗೆ ಬಗ್ಗದ ಶಿಶುಗಳಿಗೆ ಆಸಿಲೇಟರನ್ನು ಇಂದಿಗೂ ಬಳಸುತ್ತಾರೆ. ಅದರ ಮೇಲಿರುವ ಕೂಸಿನ ಎದೆ ಏರಿಳಿಯುವುದಿಲ್ಲ. ಎದೆಯಿಂದ ಹೊಕ್ಕುಳದವರೆಗೆ ಸಣ್ಣ ನಡುಕವೊಂದು ಬಿಡದೆ ಕಾಣುತ್ತಿರುತ್ತದೆ. ಆ ನಡುಕ ತಟ್ಟನೆ ಕಡಿಮೆಯಾದರೆ ಉಸಿರಿನ ನಳಿಕೆಯಲ್ಲಿ ಕಫ ಕಟ್ಟಿದೆಯೋ, ನಳಿಕೆ ಸರಿದಿದೆಯೋ, ಎದೆಗೂಡಿನಲ್ಲಿ ಗಾಳಿ ಸೋರಿದೆಯೋ ಎಂದು ಕೂಡಲೇ ನೋಡಬೇಕು. ಆದರೆ ಶಿಶುವಿಗೆ ಒದಗಿದ್ದು ದೊಡ್ಡವರಿಗೂ ಒದಗುತ್ತದೆಂದು ತಿಳಿಯಬೇಡಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಅನಂತ ವಂದನೆಗಳು. ಕಾಕಾ ಅವರನ್ನು ಇನ್ನೂ ಬೋರಲಾಗಿ ಮಲಗಿಸಿಲ್ಲ, ಇವತ್ತೇ ಕೇಳುತ್ತೇವೆ. ಹಾಗಾದರೆ ಹೈದರಾಬಾದಿಗೆ ಒಯ್ಯುವ ಪ್ರಸಂಗ ಬರುವುದೇ ಇಲ್ಲವೇ, ಸಾಹೇಬರೇ?

ಉತ್ತರ (ಅರಿವಳಿಕೆ ತಜ್ಞ, ಬೀದರ್):
ಬರಬಹುದು. ಬೋರಲಾಗಿ ಮಲಗಿಸಿದ ಮೇಲೂ ರಕ್ತದಲ್ಲಿ ಆಮ್ಲಜನಕ ಏರದಿದ್ದರೆ, ರಕ್ತವನ್ನು ಹೊರಗೆ ತೆಗೆದು ಆಮ್ಲಜನಕ ಬೆರೆಸಿ ಮರಳಿಸುವ ಎಕ್ಮೋ ಬೇಕಾಗಬಹುದು. ಅದನ್ನು ತಡಮಾಡದೆ ಯೋಚಿಸಬೇಕು. ಆದರೆ ಹುಮನಾಬಾದ್ ಮಾರ್ಗವಾಗಿ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಹಾದಿ. ನಡುದಾರಿಯಲ್ಲಿ ನಳಿಕೆ ಒಂದು ಕ್ಷಣ ಕಳಚಿದರೂ ಅರಳಿದ ಶ್ವಾಸಕೋಶ ಮತ್ತೆ ಮುದುಡುತ್ತದೆ. ಆದ್ದರಿಂದ ಅಲ್ಲಿಯ ವೈದ್ಯರೊಂದಿಗೆ ಇಲ್ಲಿಯ ವೈದ್ಯರೇ ಫೋನಿನಲ್ಲಿ ಮಾತಾಡಿ, ಹಾಸಿಗೆ ಖಾತ್ರಿಯಾದ ಮೇಲೆ, ವೆಂಟಿಲೇಟರ್ ನಿಭಾಯಿಸಬಲ್ಲ ವೈದ್ಯರು ಜೊತೆಗೆ ಕೂಡುವ ಆಂಬುಲೆನ್ಸಿನಲ್ಲಿಯೇ ಹೊರಡಿರಿ.